ನಾಲ್ಕನೇ ಕೋಣೆಯ ಕೆಂಪು ಚುಕ್ಕೆ

ಕುತಾಯಿಸಿಯ ಆ ಸಂಗ್ರಹಾಲಯಕ್ಕೆ
ನಾನು ಹೋದದ್ದು ಸೂರಿಗೆ ಕಣ್ಣು ಹಚ್ಚಲು.
ಹದಿನೆಂಟು ಸೆನ್ಸರು, ಆರು ಪರದೆ,
ತಲೆಗೆ ಬಿಗಿಯುವ ನಾಲ್ಕು ಕನ್ನಡಕ,
ಒಂದು ಏಣಿ, ಅದೂ ಎರವಲು.

ಅಲ್ಲಿಯ ಪದ್ಧತಿ ಹೀಗಿತ್ತು:
ಕೋಣೆಗೊಬ್ಬಳು ಹೆಂಗಸು, ಹೆಂಗಸಿಗೊಂದು ಕುರ್ಚಿ.
ಯಾರಾದರೂ ಹೊಸ್ತಿಲು ದಾಟಿದರೆ
ಎದ್ದು ದೀಪ ಹಾಕಬೇಕು,
ಅವರು ಆಚೆ ನಡೆದರೆ ಆರಿಸಿ
ಮತ್ತೆ ಹೆಣಿಗೆಗೆ ಮರಳಬೇಕು.
ಶತಮಾನಗಳು ಒಂದೊಂದಾಗಿ ಹತ್ತಿ
ಒಂದೊಂದಾಗಿ ನಂದುತ್ತಿದ್ದವು,
ಕರೆಂಟು ಬಿಲ್ಲಿನ ಭಯಕ್ಕೆ.

ನಾಲ್ಕನೆಯದರಲ್ಲಿ ನಾಜಿಬ್ರೋಲಾ.
ಮೂವತ್ತೊಂದು ವರ್ಷದಿಂದ ಅದೇ ಕುರ್ಚಿ.
ಎದುರಿಗೆ ಗಾಜಿನೊಳಗೆ ಒಂದು ಮಣ್ಣಿನ ಹೂಜಿ,
ಕತ್ತು ತುಸು ಎಡಕ್ಕೆ, ಯಾರೋ ಕರೆದ ಹಾಗೆ.
‘ಮುಟ್ಟಬೇಡಿ’ ಅನ್ನುವುದೇ ಅವಳ ಉದ್ಯೋಗ.
ಐದು ಭಾಷೆಗಳಲ್ಲಿ ಅದನ್ನು ಹೇಳಬಲ್ಲಳು;
ಅವುಗಳಲ್ಲಿ ನಾಲ್ಕರಲ್ಲಿ
ಬೇರೆ ಏನನ್ನೂ ಹೇಳಲಾರಳು.

ಏಣಿಯ ಮೇಲಿದ್ದ ನನ್ನನ್ನು ಕೇಳಿದಳು:
‘ಇನ್ನು ದೀಪ ತಾನೇ ಹತ್ತುತ್ತದೋ?’
ಹತ್ತುತ್ತದೆ, ಅಂದೆ.
‘ನಾನು ಏಳಬೇಕಿಲ್ಲವೋ?’
ಬೇಕಿಲ್ಲ, ಅಂದೆ.
‘ಮಂಡಿಗೆ ಒಳ್ಳೆಯದಾಯಿತು.’
ಅಷ್ಟು ಹೇಳಿ, ಅಲ್ಲಾಡುತ್ತಿದ್ದ ಏಣಿಯನ್ನು
ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಮಾರ್ಚಿನಲ್ಲಿ ಶಾಲೆಯ ಮಕ್ಕಳು ಬಂದರು.
ಕನ್ನಡಕ ಬಿಗಿದು, ಗಾಳಿಗೆ ಕೈ ಚಾಚಿ
ಇಲ್ಲದ ದ್ರಾಕ್ಷಿ ಬಿಡಿಸಿದರು.
ಒಬ್ಬಳು ಇಲ್ಲದ ಮೆಟ್ಟಿಲಿಗೆ ಹೆದರಿ ಕೂತೇಬಿಟ್ಟಳು.
ಪರದೆಯ ಮೇಲೆ ಹೂಜಿ ಬುಗುರಿಯಂತೆ ತಿರುಗಿತು;
ಅಸಲು ಹೂಜಿ, ಎಂದಿನಂತೆ, ತಿರುಗಲಿಲ್ಲ.

ಬಚಾನಾ ಎಂಬ ಹುಡುಗ, ಕಣ್ಣು ಕಾಣದವನು,
ಯಂತ್ರ ಅಚ್ಚಿಳಿಸಿಕೊಟ್ಟ ಬಿಳಿಯ ನಕಲನ್ನು
ಮಡಿಲಲ್ಲಿ ಮಲಗಿಸಿ ಬೆರಳಾಡಿಸಿದ.
ಬಾಯಿ, ಕತ್ತು, ಹೊಟ್ಟೆ. ಬುಡಕ್ಕೆ ಬಂದು ನಿಂತ:
‘ಇಲ್ಲಿ ಯಾರದೋ ಹೆಬ್ಬೆರಳು.’

ಇತ್ತು. ನೆಟ್ಟಗೆ ನಿಲ್ಲಿಸಿದ್ದರ ಬುಡವನ್ನು
ಇಷ್ಟು ವರ್ಷ ಯಾರು ಕಂಡಿದ್ದರು?
ನಾಜಿಬ್ರೋಲಾ ಎದ್ದು ಬಂದಳು, ಬಾಗಿದಳು.
ಆ ಒಂದು ಮಾತು ನಾಲಿಗೆಯ ತುದಿಗೆ ಬಂದದ್ದನ್ನು
ನಾನೇ ಕಂಡೆ. ನುಂಗಿದಳು. ತಾನೂ ಮುಟ್ಟಿದಳು.
ಏನೂ ಅನ್ನಲಿಲ್ಲ. ಆ ಮಧ್ಯಾಹ್ನ
ಹೆಣಿಗೆ ಎರಡು ಸಾಲು ತಪ್ಪಿ, ಬಿಚ್ಚಿ ಕೂತಳು.

ಜೂನಿನಲ್ಲಿ ವರದಿ.
ತ್ಬಿಲಿಸಿಯಿಂದ ಗೋಚಾ ಬಂದಿದ್ದ, ಹೊಸ ಷರಟು.
ಗೋಡೆಗೆ ನಕ್ಷೆ ಬಿತ್ತು:
ಜನ ನಿಂತಲ್ಲೆಲ್ಲ ಕೆಂಪು, ಹಾದುಹೋದಲ್ಲಿ ನೀಲಿ.
ಪರದೆಯ ಮುಂದೆ ಮೂರು ನಿಮಿಷ,
ಚಿನ್ನದ ಬಟ್ಟಲಿಗೆ ನಲವತ್ತು ಸೆಕೆಂಡು,
ಹೂಜಿಗೆ ಒಂಬತ್ತು,
ಅದರಲ್ಲಿ ಆರು ಫೋಟೊಕ್ಕೆ.
ಆದರೆ ನಾಲ್ಕನೇ ಕೋಣೆಯಲ್ಲಿ, ಕಿಟಕಿಯ ಪಕ್ಕ,
ಕೆಂಡದಂಥ ಒಂದೇ ಚುಕ್ಕೆ:
ಸಂದರ್ಶಕರು ಒಬ್ಬರು. ಮುಖ ಹೂಜಿಯತ್ತ.
ಐನೂರ ಹನ್ನೆರಡು ಗಂಟೆ.

‘ದೋಷ,’ ಅಂದ ಗೋಚಾ. ‘ತೆಗೆದುಹಾಕು.
ಸರಾಸರಿಯೇ ಕೆಡುತ್ತದೆ.’

ತೆಗೆಯುವುದು ಸುಲಭ. ಒಂದು ಸಾಲು ಬರೆದರೆ
ಕುರ್ಚಿಯಷ್ಟು ಜಾಗ ಲೆಕ್ಕದಿಂದ ಆಚೆ.
ಬರೆದೆ. ಸರಾಸರಿ ಸರಿಹೋಯಿತು.
ಗೋಚಾ ಊಟಕ್ಕೆ ಕರೆದ, ಹೋದೆ.

ಸಂಜೆ, ತಂತಿ ಸುತ್ತಿಡುವ ನೆಪದಲ್ಲಿ
ಆ ಕುರ್ಚಿಯಲ್ಲಿ ಕೂತೆ.
ರಿಯೋನಿ ನದಿಯ ಕಡೆಯಿಂದ ಬೆಳಕು ಓರೆಯಾಗಿ ಬಂದು
ಹೂಜಿಯ ನೆರಳನ್ನು ಗೋಡೆಗೆ ಒರಗಿಸಿತು.
ನೆರಳಿನ ಕತ್ತು ಈ ಕಡೆಗೆ,
ಕುರ್ಚಿಯ ಕಡೆಗೆ, ವಾಲಿತ್ತು.
ಇದು ನನ್ನ ಯಾವ ಪರದೆಯಲ್ಲೂ ಇರಲಿಲ್ಲ.

ಅಲ್ಲಾಡದೆ ಕೂತವನನ್ನು ಕಂಡು
ಯಾರೂ ಇಲ್ಲವೆಂದುಕೊಂಡ ಸೂರು
ದೀಪ ಆರಿಸಿತು. ಕೈ ಬೀಸಿದ್ದರೆ ಹತ್ತುತ್ತಿತ್ತು.
ಬೀಸಲಿಲ್ಲ.

ಎಷ್ಟು ಹೊತ್ತು ಕೂತೆನೋ
ಹೇಳಬಲ್ಲವರಿಲ್ಲ.
ಆ ಜಾಗವನ್ನು ಲೆಕ್ಕದಿಂದ ಆಚೆ ಇಟ್ಟವನು
ನಾನೇ.